ಶಬ್ದ ಬರುವವರೆಗೆ

ನಮ್ಮೂರಿನಲ್ಲಿ ಏನೇ ಕೆಟ್ಟದ್ದಾದರೂ, ಅದಕ್ಕೊಂದು ಇಂಗ್ಲಿಷ್ ಶಬ್ದ ಸಿಗುವವರೆಗೆ ಅದು ಆಗಿಲ್ಲ. ಇದು ಕಟ್ಟಳೆ. ಗೋಡೆ ಬಿದ್ದರೆ ಬಿದ್ದಿಲ್ಲ. ಬೆಂಕಿ ಹತ್ತಿದರೆ ಹತ್ತಿಲ್ಲ. ಹೊಳೆ ಊರೊಳಗೆ ನುಗ್ಗಿ ಒಲೆಯ ಬೂದಿಯನ್ನು ತೇಲಿಸಿಕೊಂಡು ಹೋದರೂ, ಶಬ್ದಮನೆಯ ಕರಿಹಲಗೆಯ ಮೇಲೆ ಶಬ್ದ ಬೀಳುವವರೆಗೆ ಹೊಳೆ ತನ್ನ ಪಾತ್ರದಲ್ಲೇ ಇದೆ. ನಾವು ಸೊಂಟದ ಮಟ್ಟದ ನೀರಿನಲ್ಲಿ ಕೈಕಟ್ಟಿ ನಿಂತು ಹಲಗೆಯ ಕಡೆ ನೋಡುತ್ತೇವೆ.

ಅಳುವುದಕ್ಕೂ ಶಬ್ದ ಬರಬೇಕು. ಮಗು ಬಿದ್ದು ಮಂಡಿ ತರಚಿಕೊಂಡು ಬಾಯಿ ತೆರೆದರೆ, ತಾಯಿ ಮೊದಲು ಹೇಳುವ ಮಾತು, "ತಡಿ ಕಂದಾ, ಶಬ್ದ ಬರ್ಲಿ." ತರಚಿದ ಮಂಡಿಗೆ ಯಾವ ಶಬ್ದವೂ ಬರುವುದಿಲ್ಲವೆಂದು ಮಗು ಬೇಗ ಕಲಿಯುತ್ತದೆ. ನಿಮ್ಮೂರಿನ ಮಕ್ಕಳು ಎಷ್ಟು ಗಂಭೀರ ಎಂದು ಹೊರಗಿನವರು ಹೊಗಳುತ್ತಾರೆ. ನಾವು ವಿನಯದಿಂದ ತಲೆಯಾಡಿಸುತ್ತೇವೆ.

ಈ ಕಟ್ಟಳೆ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ, ಯಾರ ಅಜ್ಜನ ಕಾಲವೋ, ಹೊಳೆ ಮೂರು ದಿನ ಊರನ್ನು ಮುಳುಗಿಸಿಟ್ಟಿತ್ತು. ಮೂರು ದಿನ ನಾವು ಸೂರಿನ ಮೇಲೆ ಕುಳಿತು ಅಯ್ಯೋ ಎಂದು ಕೂಗಿದೆವು, ಅಪ್ಪಾ ಎಂದೆವು, ದೇವರೇ ಎಂದೆವು, ಕಾಪಾಡಿ ಎಂದೆವು. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಗುಡ್ಡದ ಮೇಲೆ ಕುದುರೆಯಲ್ಲಿ ಬಂದ ಬಿಳಿಯ ದೊರೆಯೊಬ್ಬ ನಮ್ಮನ್ನು ನೋಡಿ, ಜೇಬಿನಿಂದ ಪುಸ್ತಕ ತೆಗೆದು ಒಂದೇ ಒಂದು ಶಬ್ದ ಬರೆದ. ಸಂಜೆಗೆ ದೋಣಿಗಳು ಬಂದವು. ಮೂರು ದಿನದ ಕೂಗಿಗೆ ಬಾರದ ದೋಣಿ ಒಂದು ಶಬ್ದಕ್ಕೆ ಬಂತು. ಅವತ್ತೇ ನಮ್ಮ ಹಿರಿಯರಿಗೆ ತಿಳಿಯಿತು, ನಮ್ಮ ಭಾಷೆಯಲ್ಲಿ ಬರೀ ಸಂಕಟ ಆಗುತ್ತದೆ, ಕೆಲಸ ಆಗುವುದಿಲ್ಲ ಎಂದು. ನೀರು ಇಳಿದ ಮೇಲೆ ಮೊದಲು ಕಟ್ಟಿದ್ದು ಶಬ್ದಮನೆ. ನಮ್ಮ ಮನೆಗಳನ್ನು ಆಮೇಲೆ ಕಟ್ಟಿಕೊಂಡೆವು.

ಶಬ್ದಮನೆಗೆ ಏಳು ಕೋಣೆ. ಪ್ರತಿ ಬಾಗಿಲ ಮೇಲೆ ಒಂದು ಶಬ್ದ, ಒಳಗೆ ಆ ಶಬ್ದಕ್ಕೆ ತಕ್ಕ ಸಾಮಾನು. ಇನ್ಸಿಡೆಂಟ್ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಲೋಟ ನೀರು. ಆಕ್ಸಿಡೆಂಟ್ ಕೋಣೆಯಲ್ಲಿ ಹತ್ತಿ, ಬ್ಯಾಂಡೇಜು. ಡಿಸಾಸ್ಟರ್ ಕೋಣೆಯಲ್ಲಿ ಹಗ್ಗ, ಏಣಿ, ಹಾರೆ, ಗುದ್ದಲಿ. ಕೆಲಾಮಿಟಿ ಕೋಣೆಯಲ್ಲಿ ಅಕ್ಕಿ, ಕಂಬಳಿ. ಕೆಟಾಸ್ಟ್ರಫಿ ಕೋಣೆಯಲ್ಲಿ ಹೊರಗಿನಿಂದ ನೋಡಲು ಬರುವ ದೊಡ್ಡವರಿಗೆ ಹಾರ, ಶಾಲು, ಮತ್ತು ಅವರು ಕೆಸರು ತಾಗದಂತೆ ನಿಂತು ಮರುಗಲು ಒಂದು ಎತ್ತರದ ಮಣೆ. ಟ್ರಾಜೆಡಿ ಕೋಣೆಯಲ್ಲಿ ಬಿಳಿ ಬಟ್ಟೆಯ ಥಾನು, ಊದುಬತ್ತಿ, ಹೆಸರಿನ ಜಾಗ ಖಾಲಿ ಬಿಟ್ಟು ಮೊದಲೇ ಬರೆದಿಟ್ಟ ಸಂತಾಪಪತ್ರಗಳು. ಏಳನೆಯದು ಎಮರ್ಜೆನ್ಸಿ ಕೋಣೆ. ಅದನ್ನು ಒಂದೇ ಸಲ ತೆರೆದದ್ದಂತೆ. ತೆರೆದ ಮೇಲೆ ಊರಿನಲ್ಲಿ ಸುಮಾರು ಎರಡು ವರ್ಷ ಯಾರೂ ಬಾಯಿ ಬಿಡಲಿಲ್ಲವಂತೆ. ಆ ಕೋಣೆಯಲ್ಲಿ ಏನಿದೆ ಎಂದು ಕೇಳಿದರೆ ಹಿರಿಯರು ಈಗಲೂ ಎದ್ದು ಬೇರೆ ಕಡೆ ಹೋಗಿ ಕೂರುತ್ತಾರೆ.

ಒಂದು ಕೋಣೆಯ ಸಾಮಾನು ಇನ್ನೊಂದು ಶಬ್ದಕ್ಕೆ ಸಲ್ಲುವುದಿಲ್ಲ. ಇಷ್ಟಲ್ಲದೆ, ಯಾರೂ ಮನೆಯಲ್ಲಿ ಹಗ್ಗ ಇಟ್ಟುಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಹಗ್ಗ ಇಟ್ಟುಕೊಂಡವನು ಶಬ್ದಕ್ಕೆ ಮೊದಲೇ ಕೇಡು ಬಯಸಿದವನು. ಹಾಗಾಗಿ ನಮ್ಮೂರಿನ ಹಗ್ಗವೆಲ್ಲ ಶಬ್ದಮನೆಯಲ್ಲಿದೆ, ಏಣಿಯೆಲ್ಲ ಅಲ್ಲಿದೆ. ನಮ್ಮ ಬಳಿ ಇರುವುದು ತಾಳ್ಮೆ. ಅದಕ್ಕೆ ನಮ್ಮೂರಲ್ಲಿ ಯಾವತ್ತೂ ಬರವಿಲ್ಲ.

ಶಬ್ದ ಆರಿಸುವವರು ಮೂವರು. ಬೇರಿನ ಪಂಡಿತರು ಶಬ್ದ ಯಾವ ದೇಶದಲ್ಲಿ, ಯಾವ ಬೇರಿನಿಂದ ಹುಟ್ಟಿತೆಂದು ಬಲ್ಲವರು. ಬಳಕೆಯ ಪಂಡಿತರು ಶಬ್ದವನ್ನು ಈಗಿನ ಜನ ಎಲ್ಲೆಲ್ಲಿ ಹೇಗೆ ಆಡುತ್ತಾರೆಂದು ಬಲ್ಲವರು. ಇಬ್ಬರೂ ಒಪ್ಪಿದ ಶಬ್ದವನ್ನು ಶಬ್ದಾಧ್ಯಕ್ಷರು ಹಲಗೆಯ ಮೇಲೆ ಬರೆದು ಗಂಟೆ ಬಾರಿಸುತ್ತಾರೆ. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡ ಮುದುಕಿಯೊಬ್ಬಳು ಆಯಾ ಬಾಗಿಲು ತೆರೆಯುತ್ತಾಳೆ. ಅವಳನ್ನು ಕೀಲಿಯವ್ವ ಎನ್ನುತ್ತೇವೆ. ಅವಳಿಗೆ ಓದು ಬಾರದು. ಯಾವ ಶಬ್ದಕ್ಕೆ ಯಾವ ಕೀಲಿ ಎಂದು ಬಾಯಿಪಾಠ.

ಈಗ ಬಾವಿಯ ವಿಷಯಕ್ಕೆ ಬರುತ್ತೇನೆ.

ವಾದ ಮಾಡಿ ಮಾಡಿ ಪಂಡಿತರ ಗಂಟಲು ಒಣಗುತ್ತದೆಂದು ಶಬ್ದಮನೆಯ ಹಿಂದೆಯೇ ಹೊಸ ಬಾವಿ ತೋಡಿಸುತ್ತಿದ್ದರು. ಬಾವಿ ತೋಡುವವನು ಕೆಳಗೆ ಅಗೆಯುತ್ತಿದ್ದ. ಅವನ ಹೆಂಡತಿ ಮತ್ತು ಇನ್ನಿಬ್ಬರು ಹೆಂಗಸರು ಈ ಕೆಲಸಕ್ಕೆಂದೇ ಶಬ್ದಮನೆ ಕೊಟ್ಟಿದ್ದ ಒಂದೇ ಒಂದು ಹಗ್ಗವನ್ನು ರಾಟೆಗೆ ಕಟ್ಟಿ ಮಣ್ಣಿನ ಬುಟ್ಟಿ ಮೇಲೆಳೆಯುತ್ತಿದ್ದರು. ಮೂವತ್ತಡಿ ಆಗಿತ್ತು. ಬೆಳಗಿನ ಬಿಸಿಲು ಏರಿದ ಹೊತ್ತಿಗೆ ಬಾವಿಯ ಒಂದು ಮಗ್ಗುಲು ಕುಸಿಯಿತು. ರಾಟೆ, ಹಗ್ಗ, ಬುಟ್ಟಿ ಎಲ್ಲವೂ ಮಣ್ಣಿನ ಜೊತೆ ಒಳಗೆ ಹೋದವು. ಎರಡು ದೊಡ್ಡ ಕಲ್ಲು ಅಡ್ಡಡ್ಡ ಸಿಕ್ಕಿಕೊಂಡು ಅವನ ತಲೆಯ ಮೇಲೊಂದು ಸೂರಿನ ಹಾಗೆ ನಿಂತವು. ಆ ಸೂರಿನ ಮೇಲೆ ಮಣ್ಣು, ಕೆಳಗೆ ಅವನು.

ಧೂಳು ಇಳಿದ ಮೇಲೆ ಕೆಳಗಿನಿಂದ ಸದ್ದು ಬಂತು. ಟಕ್, ಟಕ್, ಟಕ್. ಅವನು ಹಾರೆಯಿಂದ ಕಲ್ಲಿಗೆ ಬಡಿಯುತ್ತಿದ್ದ.

ಹೆಂಡತಿ ಶಬ್ದಮನೆಯ ಮುಂಬಾಗಿಲಿಗೆ ಓಡಿದಳು. ಊರು ಅವಳ ಹಿಂದೆ ಓಡಿತು. ನಾನೂ ಓಡಿದೆ. ಓಡುವುದರಲ್ಲಿ ನಾವು ಯಾವತ್ತೂ ಹಿಂದಲ್ಲ.

"ಸ್ವಾಮಿ, ಬಾವಿ ಕುಸೀತು. ನನ್ನ ಗಂಡ ಒಳಗವ್ರೆ. ಉಸಿರಾಡ್ತಾವ್ರೆ. ಹಗ್ಗ ಕೊಡಿ."

ಶಬ್ದಾಧ್ಯಕ್ಷರು ಕನ್ನಡಕ ಒರೆಸಿಕೊಂಡರು. "ಏನಾಯ್ತು ಅಂತ ನೀನು ಹೇಳಬಾರದಮ್ಮ. ಅದನ್ನ ಹೇಳೋದಕ್ಕೇ ನಾವಿರೋದು. ನೀನು ಕಂಡದ್ದಷ್ಟನ್ನೇ ಹೇಳು."

"ಕಂಡದ್ದೇ ಹೇಳ್ದೆ ಸ್ವಾಮಿ. ಮಣ್ಣು ಬಿತ್ತು. ಅವ್ರು ಕೆಳಗವ್ರೆ."

"ಮಣ್ಣು ಬಿತ್ತು," ಎಂದು ಅಧ್ಯಕ್ಷರು ಪಂಡಿತರ ಕಡೆ ತಿರುಗಿದರು. "ಮಣ್ಣು ಬೀಳುವುದು ಮಣ್ಣಿನ ಸ್ವಭಾವ. ತಾತ್ಕಾಲಿಕವಾಗಿ ಇನ್ಸಿಡೆಂಟ್ ಎಂದಿಟ್ಟುಕೊಳ್ಳೋಣವೆ?"

ಇಟ್ಟುಕೊಂಡರು. ಕೀಲಿಯವ್ವ ಮೊದಲ ಕೋಣೆ ತೆರೆದು ಕುರ್ಚಿಯನ್ನೂ ಒಂದು ಲೋಟ ನೀರನ್ನೂ ತಂದಳು. ಬಾವಿಯ ದಡದಲ್ಲಿ ಕುರ್ಚಿ ಹಾಕಿದರು. ಹೆಂಡತಿ ಕೂರಲಿಲ್ಲ, ನೀರು ಮುಟ್ಟಲಿಲ್ಲ. ಕೊಟ್ಟ ಪರಿಹಾರ ವ್ಯರ್ಥವಾಗಬಾರದೆಂದು ಅಧ್ಯಕ್ಷರೇ ಕುರ್ಚಿಯಲ್ಲಿ ಕುಳಿತು ನೀರು ಕುಡಿದರು. ಹಾಗೆ ಅವತ್ತಿನ ಸಭೆ ಬಾವಿಯ ದಡದಲ್ಲೇ ಕೂಡಿತು. ಪಂಡಿತರಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ನಾವು ಸುತ್ತ ನಿಂತೆವು.

ಟಕ್, ಟಕ್, ಟಕ್.

"ಹಗ್ಗ ಬೇಕಂತೆ," ಎಂದರು ಅಧ್ಯಕ್ಷರು. "ಹಗ್ಗ ಡಿಸಾಸ್ಟರ್ ಕೋಣೆಯಲ್ಲಿದೆ. ಇದು ಡಿಸಾಸ್ಟರೇ?"

ಬೇರಿನ ಪಂಡಿತರು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದರೆ ಅವರಿಗೆ ಬೇರು ಕಾಣುತ್ತದೆ. "ಡಿಸಾಸ್ಟರ್ ಎಂಬಲ್ಲಿ ಅಡಗಿರುವುದು ನಕ್ಷತ್ರ. ಕೆಟ್ಟ ನಕ್ಷತ್ರದಿಂದ ಆದ ಕೇಡು ಎಂದು ಮೂಲದ ಅರ್ಥ. ನಕ್ಷತ್ರದ ಕೈವಾಡ ಇಲ್ಲದೆ ಡಿಸಾಸ್ಟರ್ ಇಲ್ಲ." ಹೀಗೆಂದು ಅವರು ಹುಬ್ಬಿಗೆ ಕೈಹಿಡಿದು ಆಕಾಶ ನೋಡಿದರು. ನಾವೂ ಹುಬ್ಬಿಗೆ ಕೈಹಿಡಿದು ಆಕಾಶ ನೋಡಿದೆವು. ನಡುಹಗಲು. ಸೂರ್ಯ ಸುಡುತ್ತಿದ್ದ. "ಕಾಣುತ್ತಿಲ್ಲ," ಎಂದರು ಪಂಡಿತರು ಬೇಸರದಿಂದ.

ಬಳಕೆಯ ಪಂಡಿತರು ನಕ್ಕರು. "ನಕ್ಷತ್ರ ಉದುರಿ ಎಷ್ಟೋ ಕಾಲವಾಯಿತು ಮಹಾಸ್ವಾಮಿ. ಈಗಿನ ಬಳಕೆಯಲ್ಲಿ ಡಿಸಾಸ್ಟರ್ ಎಂದರೆ ಬಹಳ ಜನಕ್ಕೆ ಆದದ್ದು. ಒಬ್ಬನಿಗೆ ಆದದ್ದು ಅವನ ಹಣೆಬರಹ."

"ಒಬ್ರಲ್ಲ ಸ್ವಾಮಿ," ಎಂದಳು ಹೆಂಡತಿ. "ನಾನೂ ಇದೀನಿ."

"ನೀನು ಮೇಲಿದ್ದೀಯಮ್ಮ."

ಬೇರಿನ ಪಂಡಿತರಿಗೆ ನಗು ತಾಗಿತ್ತು. "ಬಳಕೆ, ಬಳಕೆ! ಮೊನ್ನೆ ನಿಮ್ಮ ಮನೆಯ ಔತಣದಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿ, ಟೋಟಲ್ ಡಿಸಾಸ್ಟರ್ ಎಂದವರು ಯಾರು? ನೀವೇ ತಾನೆ? ಉಪ್ಪಿಗೆ ಸಲ್ಲುವ ಶಬ್ದ ಬಾವಿಗೆ ಏಕೆ ಸಲ್ಲದು?"

"ಅದು ಆಡುಮಾತು," ಎಂದರು ಬಳಕೆಯ ಪಂಡಿತರು ಕೆಂಪಗಾಗಿ. "ಸಾರಿಗೆ ನಾವು ಹಗ್ಗ ಬಿಡಲಿಲ್ಲವಲ್ಲ."

ಸಭೆ ನಕ್ಕಿತು. ನಿಜ ಹೇಳುತ್ತೇನೆ, ನಾನೂ ನಕ್ಕೆ. ಮಾತು ಚೆನ್ನಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮೂರಿನಲ್ಲಿ ಇಲಿಗಳೂ ಬೆಕ್ಕಿನ ಪಾಂಡಿತ್ಯಕ್ಕೆ ತಲೆದೂಗುತ್ತವೆ. ಬಾವಿಯವನ ಹೆಂಡತಿ ಮಾತ್ರ ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದಳು.

ಟಕ್, ಟಕ್, ಟಕ್.

ಹೊತ್ತು ನೆತ್ತಿಯಿಂದ ಜಾರಿತು. ಗಾಯ ಕಣ್ಣಿಗೆ ಕಾಣದೆ ಆಕ್ಸಿಡೆಂಟ್ ಇಲ್ಲವೆಂದರು, ನೋಡಲು ದೊಡ್ಡವರು ಬಾರದೆ ಕೆಟಾಸ್ಟ್ರಫಿ ಇಲ್ಲವೆಂದರು, ಎಮರ್ಜೆನ್ಸಿಯ ಹೆಸರನ್ನು ಯಾರೂ ಎತ್ತಲಿಲ್ಲ. ಕೆಲಾಮಿಟಿಯ ಬೇರಿನಲ್ಲಿ ಒಣಹುಲ್ಲಿನ ಕಡ್ಡಿ ಇದೆಯೆಂದೂ, ಪೈರು ಮಲಗಿದಾಗ ಮಾತ್ರ ಆ ಶಬ್ದವೆಂದೂ ಬೇರಿನವರು ಹೇಳಿದರು. ಬಾವಿಯವನಿಗೆ ಹೊಲವೇ ಇಲ್ಲ, ಇನ್ನು ಪೈರೆಲ್ಲಿ? ಕೆಟಕ್ಲಿಸಂ ಎಂಬ ಭಾರಿ ಶಬ್ದವನ್ನು ಹೊರಗೆಳೆದರು. ಅದಕ್ಕೆ ಪ್ರಳಯದ ನೀರು ಬೇಕು. ಬಾವಿಯಲ್ಲಿ ನೀರು ಬಿದ್ದಿತ್ತೇ ಎಂದು ಹೆಂಡತಿಯನ್ನು ಕೇಳಿದರು. ಇನ್ನೂ ಬಿದ್ದಿಲ್ಲ ಎಂದಳು. ನೀರು ಬಿದ್ದಿದ್ದರೆ ನಿನ್ನ ಕೇಸು ಗಟ್ಟಿಯಾಗುತ್ತಿತ್ತಮ್ಮ ಎಂದು ಬಳಕೆಯವರು ಮರುಗಿದರು. ಅಪ್‌ಹೀವಲ್ ಎಂದು ಜನರ ನಡುವಿನಿಂದ ಯಾರೋ ಧೈರ್ಯ ಮಾಡಿ ಕೂಗಿದರು. ಬೇರಿನ ಪಂಡಿತರು ಅವನಿಗೆ ಮಕ್ಕಳಿಗೆ ಹೇಳುವಂತೆ ಹೇಳಿದರು: ಅಪ್‌ಹೀವಲ್ ಎಂದರೆ ಕೆಳಗಿದ್ದದ್ದು ಮೇಲೇಳುವುದು. ಇಲ್ಲಿ ಮೇಲಿದ್ದದ್ದು ಕೆಳಗೆ ಹೋಗಿದೆ. ಕೂಗಿದವನು ನಾಚಿ ಹಿಂದೆ ಸರಿದ.

ಆಮೇಲೆ ಕ್ರೈಸಿಸ್ ಬಂತು. ಆ ಶಬ್ದ ಬಂದಾಗ ಇಬ್ಬರು ಪಂಡಿತರಿಗೂ ಮುಖ ಅರಳಿತು. ಕ್ರೈಸಿಸ್ ಎಂದರೆ ನಿರ್ಧಾರ ಮಾಡಬೇಕಾದ ಗಳಿಗೆ. ಬೇರಿನಲ್ಲೂ ಹಾಗೇ, ಬಳಕೆಯಲ್ಲೂ ಸುಮಾರು ಹಾಗೇ. ಈಗ ತಾವು ಇರುವುದೇ ಅಂಥ ಗಳಿಗೆಯಲ್ಲಿ ಎಂದು ಅವರು ಒಬ್ಬರಿಗೊಬ್ಬರು ತೋರಿಸಿಕೊಟ್ಟರು. ಆ ಗಳಿಗೆಯನ್ನು ಒಂದು ಗಂಟೆ ಹೊತ್ತು ಸವಿದರು. ಕೊನೆಗೆ ಅಧ್ಯಕ್ಷರು ಕ್ರೈಸಿಸ್‌ಗೆ ಕೋಣೆಯೇ ಇಲ್ಲವೆಂದು ನೆನಪಿಸಿದರು. "ಕ್ರೈಸಿಸ್ ನಮ್ಮದು. ಜನರದ್ದಲ್ಲ."

ಇಷ್ಟರಲ್ಲಿ ಹೆಂಡತಿ ಕೀಲಿಯವ್ವನ ಬಳಿ ಹೋಗಿ ಕಾಲ ಬುಡದಲ್ಲಿ ಕುಕ್ಕರಿಸಿದ್ದಳು.

"ಅವ್ವಾ, ಆ ಬಾಗಿಲು ತೆಗಿ. ಒಂದು ಹಗ್ಗ ಸಾಕು. ಆಮೇಲೆ ತಂದಿಡ್ತೀನಿ."

ಮುದುಕಿ ಸೊಂಟದ ಗೊಂಚಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. "ಕೀಲಿ ಕೊಟ್ಟವ್ರೆ ಕಣವ್ವ. ತೆಗೆಯೋದು ಕೊಟ್ಟಿಲ್ಲ."

"ನಿಂಗೂ ಕೇಳಿಸ್ತಾ ಇಲ್ವಾ ಅವ್ವಾ?"

"ಕೇಳಿಸ್ತದೆ," ಎಂದಳು ಮುದುಕಿ. "ಬೆಳಗಿಂದ ಅದೊಂದೇ ಕೇಳಿಸ್ತಾ ಇರೋದು." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೆ ಕೊಡುವ ಮನಸ್ಸಿತ್ತು, ಪಾಪ. ಅವಳು ಬೀಗದ ಕಡೆ ಎರಡು ಹೆಜ್ಜೆ ಇಟ್ಟು ಹಿಂದೆ ಬಂದದ್ದನ್ನು ನಾನು ನೋಡಿದೆ.

"ಇನ್ನುಳಿದದ್ದು ಟ್ರಾಜೆಡಿ," ಎಂದರು ಅಧ್ಯಕ್ಷರು.

ಬೇರಿನ ಪಂಡಿತರು ಟ್ರಾಜೆಡಿಯ ಬೇರಿನಲ್ಲಿ ಆಡಿನ ಹಾಡು ಇದೆಯೆಂದು ಹೇಳಿ, ಆಡು ಏಕೆ ಹಾಡಿತು ಎಂಬುದನ್ನು ವಿವರಿಸಲು ಹೊರಟರು. ಬಳಕೆಯವರು ಅಡ್ಡಬಂದರು. "ಆಡು ಹಾಡಲಿ ಬಿಡಲಿ, ಯಾರಾದರೂ ಸತ್ತಿರಬೇಕು. ಸಾವಿಲ್ಲದೆ ಟ್ರಾಜೆಡಿ ಎಂದರೆ ನಾಲ್ಕು ಜನ ನಗುತ್ತಾರೆ."

ಮೂವರೂ ಬಾವಿಯ ಬಾಯಿಗೆ ಬಂದು, ಪಂಚೆ ಎತ್ತಿ ಕಟ್ಟಿ, ಬಗ್ಗಿ ಕಿವಿಗೊಟ್ಟರು.

ಟಕ್. ಬಹಳ ಹೊತ್ತು ಬಿಟ್ಟು, ಟಕ್.

"ಬದುಕಿದ್ದಾನೆ," ಎಂದರು ಬಳಕೆಯ ಪಂಡಿತರು. ಅವರ ದನಿಯಲ್ಲಿದ್ದದ್ದು ಏನೆಂದು ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಅದು ನಿರಾಶೆ. ಅವರು ಕೆಟ್ಟವರಲ್ಲ. ಹಸುವಿಗೆ ಹುಲ್ಲು ಹಾಕಿಯೇ ಊಟಕ್ಕೆ ಕೂರುವವರು. ಆದರೆ ಅವನು ಬದುಕಿದ್ದಾನೆ ಎಂಬುದೊಂದೇ ಈಗ ತೊಡಕಾಗಿತ್ತು.

"ಬದುಕವ್ರೆ ಅಂತ ನೀವೇ ಹೇಳಿದ್ರಲ್ಲ ಸ್ವಾಮಿ," ಎಂದು ಹೆಂಡತಿ ಎದ್ದು ಬಂದಳು. "ಇನ್ನೇನು ಬೇಕು? ಬದುಕಿರೋರ್ಗೆ ಒಂದು ಶಬ್ದ ಇಲ್ವಾ ನಿಮ್ಮ ಭಾಷೇಲಿ?"

"ಇದೆಯಮ್ಮ. ಅದಕ್ಕೆ ಕೋಣೆ ಇಲ್ಲ."

ಅವಳು ನಮ್ಮ ಕಡೆ ತಿರುಗಿದಳು. "ನೀವಾದ್ರೂ ಬನ್ರಪ್ಪಾ. ಕೈಯಾಗೇ ತೋಡಾಣ. ಬನ್ರಪ್ಪಾ!"

ನಾವು ಅಷ್ಟು ಜನ ಇದ್ದೆವು. ಒಬ್ಬೊಬ್ಬನಿಗೂ ಎರಡೆರಡು ಕೈ ಇದ್ದವು. ಅವಳು ಆಡಿದ್ದು ನಮಗೆಲ್ಲ ತಿಳಿಯುವ ಭಾಷೆ, ಹಾಲು ಕುಡಿಯುವಾಗಲೇ ಕಲಿತ ಭಾಷೆ. ಆ ಭಾಷೆಯಲ್ಲಿ ಕರೆದರೆ ಹೋಗುವುದು ನಮಗೆ ಮರೆತುಹೋಗಿತ್ತು. ಯಾರೋ ಹಿಂದಿನಿಂದ, "ತಡಿಯವ್ವ, ಶಬ್ದ ಬರ್ಲಿ," ಎಂದರು. ಆ ದನಿ ನನ್ನದು. ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಅವಳು ಮತ್ತೆ ಬಾವಿಯ ಕಡೆ ತಿರುಗಿ ಕಿವಿಗೊಟ್ಟಳು. ಮೂವರೂ ಕಿವಿಗೊಟ್ಟರು. ಊರೇ ಕಿವಿಗೊಟ್ಟಿತು.

ಸದ್ದು ಇರಲಿಲ್ಲ.

ನಾವು ಕಾದೆವು. ಸದ್ದು ಇರಲಿಲ್ಲ. ಒಂದು ಕಾಗೆ ಕೂಗಿ ಸುಮ್ಮನಾಯಿತು. ಸದ್ದು ಇರಲಿಲ್ಲ.

ಪಂಡಿತರಿಬ್ಬರೂ ಮೆಲ್ಲನೆ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಬೆಳಗಿನಿಂದ ಕಚ್ಚಾಡಿದವರ ಮುಖದಲ್ಲಿ ಒಂದೇ ಬೆಳಕು ಮೂಡಿತು. "ಟ್ರಾಜೆಡಿ," ಎಂದರು ಬೇರಿನವರು. "ಟ್ರಾಜೆಡಿ," ಎಂದರು ಬಳಕೆಯವರು. ಬೇರು ಬಳಕೆ ಹೀಗೆ ಒಂದೇ ಉಸಿರಿನಲ್ಲಿ ಒಂದಾದದ್ದು ನಮ್ಮೂರಿನ ನೆನಪಿನಲ್ಲಿ ಅದೇ ಮೊದಲು. ಅಧ್ಯಕ್ಷರು ಎದ್ದು ಇಬ್ಬರನ್ನೂ ತಬ್ಬಿಕೊಂಡರು. ಸೀಮೆಸುಣ್ಣ ತರಿಸಿದರು. ಕರಿಹಲಗೆಯ ಮೇಲೆ ದುಂಡಗೆ, ಮುದ್ದಾಗಿ, ಶಬ್ದ ಬಿತ್ತು. ಗಂಟೆ ಬಾರಿಸಿದರು.

"ಟ್ರಾಜೆಡಿ," ಎಂದು ನಾವು ಮೂರು ಸಲ ಒಕ್ಕೊರಲಿನಿಂದ ಹೇಳಿದೆವು. ಹೇಳಿದ್ದೇ ತಡ, ಕಟ್ಟೆ ಒಡೆದಂತೆ ಅಳು ಬಂತು. ಬೆಳಗಿನಿಂದ ತಡೆದಿಟ್ಟ ಅಳು. ಎಂಥ ಒಳ್ಳೆಯವನಾಗಿದ್ದ, ಎಂಥ ಕೆಲಸಗಾರ, ಊರಿಗೆ ನೀರು ಕೊಡಲು ಹೋಗಿ ಪ್ರಾಣ ಕೊಟ್ಟ ಎಂದು ಎದೆ ಬಡಿದುಕೊಂಡೆವು. ಅಷ್ಟು ಚೆನ್ನಾಗಿ ನಾವು ಬಹಳ ದಿನದಿಂದ ಅತ್ತಿರಲಿಲ್ಲ. ಕೀಲಿಯವ್ವ ಆರನೆಯ ಕೋಣೆಯ ಬಾಗಿಲು ತೆರೆದಳು.

ಅಧ್ಯಕ್ಷರು ಸಂತಾಪಪತ್ರ ಕೈಗೆ ತೆಗೆದುಕೊಂಡು, ಪೆನ್ನಿನ ಮುಚ್ಚಳ ಬಿಚ್ಚಿ ಕೇಳಿದರು. "ಹೆಸರು ಹೇಳಮ್ಮ."

ಹೆಂಡತಿ ನೋಡುತ್ತಿದ್ದದ್ದು ಬಿಳಿ ಬಟ್ಟೆಯ ಥಾನನ್ನು. ಇಡೀ ಥಾನು, ಗಟ್ಟಿ ನೇಯ್ಗೆ, ಇನ್ನೂ ಮಡಿಕೆ ಬಿಚ್ಚಿರದ ಹೊಸ ಬಟ್ಟೆ. ಕೀಲಿಯವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತಿದ್ದಳು.

"ಇದು ನಂಗೆ ತಾನೆ?" ಎಂದಳು ಹೆಂಡತಿ.

"ನಿನಗೇ ಕಣಮ್ಮ," ಎಂದರು ಅಧ್ಯಕ್ಷರು. "ಶಬ್ದದ ಪ್ರಕಾರ ನಿನ್ನ ಹಕ್ಕು."

ಅವಳು ಥಾನಿನ ತುದಿ ಹಿಡಿದು ಕೊಡವಿದಳು. ಅದು ಅಂಗಳದ ಉದ್ದಕ್ಕೂ ಬಿಚ್ಚಿಕೊಂಡಿತು. ಜೊತೆಯ ಇಬ್ಬರು ಹೆಂಗಸರು, ಏನೂ ಕೇಳದೆ, ಆ ತುದಿಗೊಬ್ಬಳು ಈ ತುದಿಗೊಬ್ಬಳು ನಿಂತು ಹುರಿಗಟ್ಟತೊಡಗಿದರು. ಬಟ್ಟೆ ಹುರಿಯಾಯಿತು. ಮಣ್ಣು ಎಳೆಯುವ ಹೆಂಗಸರ ಕೈಗೆ ಅದು ಹೊಸ ಕೆಲಸವಲ್ಲ.

"ಅಮ್ಮಾ, ಅದು ಸುತ್ತುವುದಕ್ಕೆ," ಎಂದು ಬಳಕೆಯ ಪಂಡಿತರು ಗಾಬರಿಯಾದರು.

"ಸುತ್ಕೊಂತಾ ಇದೀನಿ ಸ್ವಾಮಿ," ಎಂದು ಅವಳು ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಇನ್ನೊಂದು ತುದಿ ಹಿಡಿಯಲು ಇಬ್ಬರು ಹೆಂಗಸರ ಬಲ ಸಾಲದೆಂದು ಕಂಡಾಗ ಮೂರನೆಯ ಕೈ ಬಂತು. ಅದು ಕೀಲಿಯವ್ವನದು. ಸೊಂಟದ ಗೊಂಚಲನ್ನು ತೆಗೆದು ಅಧ್ಯಕ್ಷರ ಕುರ್ಚಿಯ ಮೇಲಿಟ್ಟು ಬಂದಳು. ನಾನು ಕೈ ಹಾಕಲಿಲ್ಲ.

ಅವಳು ಇಳಿದಳು. ಮೇಲಿನಿಂದ ನಮಗೆ ಅವಳ ತಲೆ ಕಾಣಿಸಿತು, ಆಮೇಲೆ ಬರೀ ಬಿಳಿಯ ಹುರಿ, ಆಮೇಲೆ ಅದೂ ಮಣ್ಣಿನ ಬಣ್ಣವಾಯಿತು. ಕಲ್ಲಿನ ಸೂರಿನ ಮೇಲೆ ಕೂತು ಉಗುರಿನಿಂದ ಮಣ್ಣು ಬಗೆಯುವ ಸದ್ದು ಕೇಳಿತು. ಅಧ್ಯಕ್ಷರು ಸಂತಾಪದ ಭಾಷಣ ಶುರುಮಾಡಿದ್ದರು. ಅಗಲಿದ ಆತ್ಮ ಎಂಬ ಮಾತು ಬರುವ ಹೊತ್ತಿಗೆ ಕೆಳಗಿನಿಂದ ಕೂಗು ಬಂತು.

"ಕೈ ಸಿಕ್ತು! ಕೈ ಬೆಚ್ಚಗದೆ!"

ಅವನ ಹಾರೆ ಜಾರಿಹೋಗಿತ್ತಂತೆ, ಅಷ್ಟೆ. ಬಡಿದು ಬಡಿದು ಸೋತ ಕೈಯಿಂದ ಹಾರೆ ಕಾಲ ಕೆಳಗೆ ಬಿದ್ದು, ಬಗ್ಗಿ ಎತ್ತಿಕೊಳ್ಳಲು ಜಾಗವಿರಲಿಲ್ಲ. ಒಂದು ಹಾರೆ ಜಾರಿದ್ದಕ್ಕೆ ನಾವು ಅಷ್ಟು ಚೆನ್ನಾಗಿ ಅತ್ತುಬಿಟ್ಟಿದ್ದೆವು. ಅವಳು ಕಲ್ಲುಗಳ ಸಂದಿಯನ್ನು ಅಗಲ ಮಾಡಿದಳು, ಅವನ ಕಂಕುಳಿಗೆ ಹುರಿ ಕಟ್ಟಿದಳು. ಮೂವರು ಹೆಂಗಸರು ಎಳೆದರು. ಮೊದಲು ಅವನು ಬಂದ, ಆಮೇಲೆ ಹುರಿಯ ಇನ್ನೊಂದು ತುದಿ ಹಿಡಿದು ಅವಳು. ಅವಳ ಹತ್ತು ಬೆರಳಿನಲ್ಲೂ ರಕ್ತವಿತ್ತು.

ಅಳುತ್ತಿದ್ದ ನಾವು ಅಳು ನಿಲ್ಲಿಸಿದೆವು. ಮುಂದುವರಿಸಬೇಕೋ ಬೇಡವೋ ಗೊತ್ತಾಗಲಿಲ್ಲ.

ಮುಖವೆಲ್ಲ ಮಣ್ಣಾಗಿ, ಕಣ್ಣು ಮಾತ್ರ ಬಿಳಿಯಾಗಿ ನಿಂತ ಅವನನ್ನು ಪಂಡಿತರು ಸುತ್ತುಹಾಕಿ ನೋಡಿದರು. ಬೇರಿನವರಿಗೆ ಇದ್ದಕ್ಕಿದ್ದಂತೆ ಉತ್ಸಾಹ ಬಂತು. "ಕೆಳಗಿದ್ದದ್ದು ಮೇಲೆ ಬಂದಿದೆ! ಈಗ ನೋಡಿ, ಅಪ್‌ಹೀವಲ್ ಸಲ್ಲುತ್ತದೆ!"

"ತಡವಾಯಿತು," ಎಂದರು ಅಧ್ಯಕ್ಷರು. ಅವರು ಹಲಗೆ ತೋರಿಸಿದರು. "ಬರೆದಾಗಿದೆ. ಗಂಟೆ ಬಾರಿಸಿ ಆಗಿದೆ. ಈ ಹಲಗೆಯನ್ನು ಇದುವರೆಗೆ ಒರೆಸಿದ್ದಿಲ್ಲ. ಒರೆಸುವ ಬಟ್ಟೆಯನ್ನೇ ನಾವು ಇಟ್ಟುಕೊಂಡಿಲ್ಲ." ಆಮೇಲೆ ಬಾವಿಯವನ ಕಡೆ ನೋಡದೆ, ಅವನ ತಲೆಯ ಮೇಲಿಂದ ನಮ್ಮನ್ನು ನೋಡುತ್ತ ಹೇಳಿದರು. "ಕ್ರಮ ಮುಗಿಸೋಣ. ಅಗಲಿದವನಿಗಾಗಿ ಒಂದು ನಿಮಿಷದ ಮೌನ."

ಮತ್ತೆ ಗಂಟೆ ಬಾರಿಸಿದರು. ನಾವು ತಲೆ ಬಗ್ಗಿಸಿದೆವು. ಎಷ್ಟು ಸುಲಭವಾಗಿ ಬಗ್ಗಿತು! ಏನು ಮಾಡಬೇಕೆಂದು ತಿಳಿಯದೆ ನಿಂತವರಿಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು. ಬಗ್ಗಿಸಿದ ತಲೆಯ ಅಡಿಯಿಂದ ಓರೆಗಣ್ಣಿನಲ್ಲಿ ನಾನು ನೋಡಿದೆ. ಪಂಡಿತರು ತಲೆ ಬಗ್ಗಿಸಿದ್ದರು. ಕೀಲಿಯವ್ವ ಬಗ್ಗಿಸಿರಲಿಲ್ಲ. ಮಣ್ಣಿನ ಹೆಂಗಸರಿಬ್ಬರು ಬಗ್ಗಿಸಿರಲಿಲ್ಲ. ಅವರ ಪಕ್ಕದಲ್ಲಿ ಬಾವಿ ತೋಡುವವನು, ಇನ್ನೂ ಕಂಕುಳಲ್ಲಿ ಹುರಿ ಕಟ್ಟಿಕೊಂಡೇ, ಎರಡೂ ಕೈ ಮುಂದೆ ಜೋಡಿಸಿ, ತಲೆ ಬಗ್ಗಿಸಿ ನಿಂತಿದ್ದ.

ಹೆಂಡತಿ ಅವನ ಮುಖವನ್ನೇ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ.

"ಬನ್ನಿ, ಮನೆಗೆ ಹೋಗಾಣ," ಎಂದಳು. "ಗಂಜಿ ಕಾಯಿಸ್ತೀನಿ."

"ಸುಮ್ಕಿರೇ," ಎಂದು ಅವನು ತಲೆಯೆತ್ತದೆ ಪಿಸುಗುಟ್ಟಿದ. "ಇನ್ನೂ ಅರ್ಧ ನಿಮಿಷ ಅದೆ."

"ಯಾರಿಗೆ ನಿಂತಿದೀರಿ ಅಂತ ಗೊತ್ತಾ?"

"ಸತ್ತೋರ್ಗೆ."

"ಯಾರು ಸತ್ತೋರು?"

ಅವನು ಒಂದೇ ಒಂದು ಸಲ ಕಣ್ಣೆತ್ತಿ ಹಲಗೆಯ ಕಡೆ ನೋಡಿದ. ಅವನಿಗೂ ಓದು ಬಾರದು. ಮತ್ತೆ ನೆಲ ನೋಡಿದ. "ಬರ್ದವ್ರಲ್ಲ," ಎಂದ.

ಆಗ ಅವಳು ಅವನ ರಟ್ಟೆ ಹಿಡಿದಳು. ‘ನೀವು’ ಬಿಟ್ಟಳು, ‘ಬನ್ನಿ’ ಬಿಟ್ಟಳು. "ಬಾ ಅಂದ್ರೆ! ಬಾರೋ!" ಎಂದು ರಕ್ತ ಸುರಿಯುವ ಎರಡೂ ಕೈಯಿಂದ, ಕಾಲು ಊರಿ, ಹಲ್ಲು ಕಚ್ಚಿ ಎಳೆದಳು. ಅದೇ ಕೈಗಳು ಆಗಷ್ಟೇ ಅವನನ್ನು ಮೂವತ್ತಡಿ ಆಳದ ಮಣ್ಣಿನಿಂದ ಬಿಡಿಸಿದ್ದವು. ಈಗ ಅವನು ನಿಂತ ಜಾಗದಿಂದ ಒಂದು ಹೆಜ್ಜೆ ಕದಲಲಿಲ್ಲ.